ಮೊದಲು ಜಾಗ, ಆಮೇಲೆ ಜವಾಬು

ವಕೀಲರ ಆಫೀಸಿಗೆ ಕೆಲಸಕ್ಕೆ ಸೇರುತ್ತಿರುವ ನಮ್ಮ ಹೆಣ್ಣುಮಕ್ಕಳು ನನ್ನನ್ನು ಹಿಡಿದು, "ಆಂಟಿ, ನೀವು ಅಲ್ಲಿ ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಕಾಗದ ಹೊರುತ್ತಿದ್ದೆ. ಡಲ್ಲಾಸಿನ ಒಬ್ಬ ವಕೀಲೆಯ ಆಫೀಸಿನಿಂದ ಕೋರ್ಟಿಗೆ, ಕೋರ್ಟಿನಿಂದ ಆಫೀಸಿಗೆ. ಅದಕ್ಕೆ ರನ್ನರ್ ಎಂದು ಹೆಸರು. ಹನ್ನೊಂದು ವರ್ಷ ಅದೇ ಕೆಲಸ ಮಾಡಿದೆ. ಸಂಬಳ ಯಾವಾಗ ಹೆಚ್ಚಿತು, ಯಾರು ಹೊಗಳಿದರು ಎಂಬುದನ್ನು ಬರೆಯುವುದಿಲ್ಲ. ಅದರಿಂದ ನಿಮಗೆ ಏನೂ ಉಪಯೋಗವಿಲ್ಲ.

ನಾನು ಓದಿದ್ದು ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ, ಮೂರನೇ ಕ್ಲಾಸಿನ ತನಕ. ಗಂಡ ಹೂಸ್ಟನ್ನಿನಲ್ಲಿ ಹಡಗು ರಿಪೇರಿ ಮಾಡುವ ಕಡೆ ವೆಲ್ಡರ್ ಆಗಿದ್ದ. ಅವನು ತೀರಿಕೊಂಡ ಮೇಲೆ ಡಲ್ಲಾಸಿಗೆ ಬಂದೆ. ಮಿಸೆಸ್ ಗ್ರೀರ್ ಎಂಬ ವಕೀಲೆಯ ಆಫೀಸಿನಲ್ಲಿ ಮೊದಲು ನೆಲ ಒರೆಸುತ್ತಿದ್ದೆ. ಅವರ ರನ್ನರ್ ಕೆಲಸ ಬಿಟ್ಟು ಹೋದ ದಿನ, "ಸಾಕಮ್ಮ, ನಿನಗೆ ಕಾರು ಓಡಿಸಲು ಬರುತ್ತದಲ್ಲ?" ಎಂದರು. ಬರುತ್ತದೆ ಎಂದೆ. "ಇಂಗ್ಲಿಷ್ ಓದಲು?" ಎಂದರು. ಬರುವುದಿಲ್ಲ ಎಂದೆ. ಅಂಕಿ ಬರುತ್ತದೆ, ಸೀಲು ಗುರುತು ಸಿಗುತ್ತದೆ, ದೊಡ್ಡ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಹೇಳಬಲ್ಲೆ ಎಂದೆ. ಅವರಿಗೆ ಅಷ್ಟೇ ಸಾಕಾಗಿತ್ತು. ಕಾಗದ ಓದಿ ಊರೆಲ್ಲ ಹೇಳಿಕೊಂಡು ಬರುವ ರನ್ನರ್‌ಗಳನ್ನು ಅವರು ಮೊದಲೇ ಕಂಡಿದ್ದರು.

ನಮ್ಮ ಆಫೀಸಿನ ಕೇಸುಗಳೆಲ್ಲ ಪೆಟ್ಟಿನ ಕೇಸುಗಳು; ನಾವು ದಾವೆಗೆ ಸಿಕ್ಕಿಕೊಂಡವರ ಕಡೆ. ಕಾರು ಗುದ್ದಿದ್ದು, ಅಂಗಡಿಯಲ್ಲಿ ಜಾರಿ ಬಿದ್ದದ್ದು, ಗೋದಾಮಿನಲ್ಲಿ ಪೆಟ್ಟಿಗೆ ತಲೆಯ ಮೇಲೆ ಬಂದದ್ದು. ಪೆಟ್ಟು ತಿಂದವರು ಪರಿಹಾರ ಕೇಳಿ ದಾವೆ ಹಾಕುತ್ತಾರೆ. ಯಾವ ಕೌಂಟಿಯ ಕೋರ್ಟಿನಲ್ಲಿ ಹಾಕಬೇಕೆಂದು ಮೊದಲು ಆರಿಸುವವರೂ ಅವರೇ. ಕೌಂಟಿ ಎಂದರೆ ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ. ಆದರೆ ಮನಸ್ಸಿಗೆ ಬಂದಲ್ಲಿ ಹಾಕುವಂತಿಲ್ಲ. ಘಟನೆ ನಡೆದ ಕೌಂಟಿ ಆಗಬೇಕು, ಇಲ್ಲವೇ ಆ ಹೊತ್ತಿಗೆ ಎದುರಾಳಿ ವಾಸವಿದ್ದ ಕೌಂಟಿ ಆಗಬೇಕು. ಹೀಗೆ ಒಂದು ದಾರ ಇರಬೇಕು. ಆ ದಾರ ಸುಳ್ಳಾಗಿದ್ದರೆ ಎದುರಾಳಿ, "ಈ ಕೇಸು ಈ ಕೋರ್ಟಿಗೆ ಸೇರಿದ್ದಲ್ಲ, ನಮ್ಮ ಕೌಂಟಿಗೆ ಕಳಿಸಿ" ಎಂದು ಅರ್ಜಿ ಹಾಕಬಹುದು. ನಾವು ಅದನ್ನು ಜಾಗದ ಅರ್ಜಿ ಎನ್ನೋಣ. ಅದಕ್ಕೆ ಒಂದೇ ಒಂದು ಕಟ್ಟಳೆ. ದಾವೆಗೆ ಕೊಡುವ ಜವಾಬಿಗಿಂತ ಮೊದಲು ಹಾಕಬೇಕು, ಅಥವಾ ಜವಾಬಿನ ಜೊತೆಗೇ ಹಾಕಬೇಕು. ಜವಾಬು ಕೊಟ್ಟು ಆಮೇಲೆ ಜಾಗ ಸರಿಯಿಲ್ಲ ಎಂದರೆ ಕೇಳುವವರಿಲ್ಲ. ಆ ಕೋರ್ಟನ್ನು ನೀನೇ ಒಪ್ಪಿಕೊಂಡ ಹಾಗೆ.

ಇದನ್ನು ನಾನು ಕಲಿತದ್ದು ಒಬ್ಬನ ಕೇಸು ಕೆಡಿಸಿ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಮನೆಗಳ ಮಾಡು ಹೊದಿಸುವ ಒಬ್ಬನ ಮೇಲೆ ಆಸ್ಟಿನ್‌ನಲ್ಲಿ ದಾವೆ ಬಿದ್ದಿತ್ತು. ಅವನಿದ್ದದ್ದು ಡಲ್ಲಾಸಿನಲ್ಲಿ, ಕೆಲಸ ನಡೆದದ್ದೂ ಅಲ್ಲೇ. ಮಿಸೆಸ್ ಗ್ರೀರ್ ಎರಡು ಕವರು ಕೊಟ್ಟು ಶುಕ್ರವಾರ ನನ್ನನ್ನು ಆಸ್ಟಿನ್ನಿಗೆ ಅಟ್ಟಿದರು. ಒಂದರಲ್ಲಿ ಜಾಗದ ಅರ್ಜಿ, ಇನ್ನೊಂದರಲ್ಲಿ ಜವಾಬು. ದಾರಿಯಲ್ಲಿ ಟೈರು ಪಂಕ್ಚರ್ ಆಯಿತು. ಕಿಟಕಿ ಮುಚ್ಚಲು ಐದು ನಿಮಿಷ ಇರುವಾಗ ತಲುಪಿದೆ. ಗುಮಾಸ್ತೆ, "ಒಂದನ್ನು ಮಾತ್ರ ತೆಗೆದುಕೊಳ್ಳುತ್ತೇನೆ" ಎಂದಳು. ನಾನು ಜವಾಬು ಕೊಟ್ಟೆ. ಯಾಕೆ ಎಂದು ಕೇಳಿದರೆ, ನಮ್ಮ ಹಳ್ಳಿಯಲ್ಲಿ ಯಾರಾದರೂ ಕರೆದರೆ ಮೊದಲು ಓ ಎನ್ನಬೇಕು. ಏನು, ಎತ್ತ ಎನ್ನುವುದು ಆಮೇಲೆ. ಓಗೊಡದೆ ಪ್ರಶ್ನೆ ಕೇಳಿದರೆ ಕೆನ್ನೆಗೆ ಬೀಳುತ್ತಿತ್ತು. ಸೋಮವಾರ ಹೋಗಿ ಇನ್ನೊಂದನ್ನು ಕೊಟ್ಟು ಬಂದೆ. ಕೆಲಸ ಮುಗಿಯಿತು ಎಂದುಕೊಂಡೆ.

ಮಿಸೆಸ್ ಗ್ರೀರ್ ಎರಡು ಸೀಲುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕೂಗಲಿಲ್ಲ. "ಇದರ ವಿಚಾರಣೆ ಆಸ್ಟಿನ್‌ನಲ್ಲೇ ನಡೆಯುತ್ತದೆ. ನೀನು ಐದು ದಿನವೂ ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು" ಎಂದರು. ಕೂತು ನೋಡಿದೆ. ಅವನ ಪರವಾಗಿ ಹೇಳಬೇಕಿದ್ದ ಇಬ್ಬರು ಕೂಲಿಯವರು ಡಲ್ಲಾಸಿನಿಂದ ಬರಲೇ ಇಲ್ಲ. ಒಂದು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಅವನು ಸೋತ. ಹೊರಗೆ ಬರುವಾಗ ನನಗೇ ಬಾಗಿಲು ಹಿಡಿದುಕೊಂಡ. ತಪ್ಪು ನನ್ನದೆಂದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕಿತ್ತು.

ಅಂದಿನಿಂದ ಜಾಗದ ಅರ್ಜಿಗೆ ಕೆಂಪು ರಬ್ಬರ್ ಬ್ಯಾಂಡು, ಜವಾಬಿಗೆ ಹಸಿರು. ಈಗ ನೀವು ಕಂಪ್ಯೂಟರಿನಲ್ಲಿ ಗುಂಡಿ ಒತ್ತಿ ಕಳಿಸುತ್ತೀರಿ. ಕಳಿಸಿ. ಆದರೆ ಯಾವುದನ್ನು ಮೊದಲು ಒತ್ತಬೇಕೆಂದು ಗುಂಡಿ ಹೇಳಿಕೊಡುವುದಿಲ್ಲ.

ಇನ್ನು ವೈದೇಹಿಯ ಕೇಸು. ಹನ್ನೊಂದು ವರ್ಷದಲ್ಲಿ ನನ್ನ ಕೈಗೆ ಬಂದದ್ದರಲ್ಲಿ ಪೂರ್ತಿ ನೆನಪಿರುವುದು ಅದೊಂದೇ.

ವೈದೇಹಿ ಧಾರವಾಡದ ಹುಡುಗಿ. ಗಂಡ ಶ್ರೀಹರಿ ಕಂಪ್ಯೂಟರಿನವನು. ಡಲ್ಲಾಸಿನ ಉತ್ತರಕ್ಕೆ ಹೊಸ ಮನೆ ತೆಗೆದುಕೊಂಡು ಶನಿವಾರ ಗೃಹಪ್ರವೇಶ ಇಟ್ಟುಕೊಂಡಿದ್ದರು. ಶನಿವಾರ ಯಾಕೆ ಎಂದು ಕೇಳಬೇಡಿ, ಇಲ್ಲಿ ಮುಹೂರ್ತಗಳೆಲ್ಲ ಶನಿವಾರವೇ ಬರುತ್ತವೆ. ನನಗೆ ಹೋಳಿಗೆ ಬೇಯಿಸಲು ಕರೆ ಬಂದಿತ್ತು. ಶ್ರೀಹರಿಯ ತಾಯಿ ಶಾಂತಾಬಾಯಿ ಊರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಊಟ ಮುಗಿದ ಮೇಲೆ ದೇವರ ಮಂಟಪವನ್ನು ಗೋಡೆಗೆ ಸರಿಸಬೇಕೆಂದರು. ನಾನು ಒಂದು ಕಡೆ ಹಿಡಿದು ಎತ್ತಿದೆ. ಅಡಿಯಿಂದ ಮಡಿಸಿದ ಕಾಗದದ ಕಟ್ಟು ಕೆಳಗೆ ಬಿತ್ತು. ಅರಿಶಿನ ಕುಂಕುಮ ಹಚ್ಚಿತ್ತು. ಅದರ ಮೂಲೆಯಲ್ಲಿ ಹೂಸ್ಟನ್ ಕೋರ್ಟಿನ ಗುಂಡು ಸೀಲು.

"ಶಾಂತಾಬಾಯೋರೆ, ಇದೇನು?" ಎಂದೆ.

"ಅದಾ? ಸರ್ಕಾರದ್ದು ಏನೋ ಕಾಗದ ಅದ. ಕಾರ್ಯ ಮುಗೀಲಿ, ಆಮ್ಯಾಲೆ ಕೊಟ್ಟರಾತು ಅಂತ ದೇವರ ಕೆಳಗ ಇಟ್ಟಿದ್ದೆ."

"ಯಾರು ಕೊಟ್ಟದ್ದು?"

"ಒಬ್ಬಾಂವ ಬಂದಿದ್ದ. ಮೊದಲ ಮೂರು ಸಲ ಬಾಗಿಲಾ ಬಡದಿದ್ದ. ಒಬ್ಬಾಕಿನ ಇದ್ದಾಗ ತಗೀಬ್ಯಾಡ ಅಂತ ಮಗ ಹೇಳಿದ್ದ, ನಾ ತಗೀಲಿಲ್ಲ. ನಾಕನೇ ಸಲ ಊರಿಂದ ದೀಪದ ಸಮಯಿ ಪಾರ್ಸಲ್ ಬಂತು ಅಂತ ತಗದೆ. ಕೈಯಾಗ ಇದನ್ನ ಹಿಡಿಸಿ ಹ್ವಾದಾ."

ಮೂರು ಸಲ ಬಾಗಿಲು ತೆಗೆಯದಿದ್ದರೆ, ಮನೆಯಲ್ಲಿ ಯಾವ ದೊಡ್ಡವರಿದ್ದರೂ ಸರಿ ಅವರ ಕೈಗೆ ಕೊಡು ಎಂದು ಜಡ್ಜಿ ಬರೆದುಕೊಡುತ್ತಾರೆ. ಆ ಅಪ್ಪಣೆಯ ಹಾಳೆಯೂ ಕಟ್ಟಿನಲ್ಲೇ ಇತ್ತು. ಎಂದರೆ ಕಾಗದ ತಲುಪಿದಂತೆ ಲೆಕ್ಕ.

ವೈದೇಹಿ ಕಾಗದ ಓದಿದಳು.

ಒಂದೂವರೆ ವರ್ಷದ ಹಿಂದೆ ಡಲ್ಲಾಸಿನಲ್ಲಿ ನಾಲ್ಕು ಕಡೆಯೂ ನಿಲ್ಲಬೇಕಾದ ಒಂದು ಕೂಡುರಸ್ತೆಯಲ್ಲಿ ಅವಳ ಕಾರಿಗೂ ಒಂದು ಪಿಕಪ್ ಗಾಡಿಗೂ ಡಿಕ್ಕಿಯಾಗಿತ್ತು. ಇವಳು ನಿಂತು ಹೊರಟವಳು. ಅವನು ನಿಲ್ಲದೆ ಬಂದವನು. ಅವನ ಗಾಡಿ ಚರಂಡಿಗೆ ಮಗುಚಿ ಭುಜ ಮುರಿಯಿತು. ಇವಳು ಓಡಿಹೋಗಿ ಅವನ ಪಕ್ಕ ಕೂತು, "ಸಾರಿ, ಸಾರಿ" ಎಂದಳು. ನಮ್ಮವರು ಹಾಗೇ. ಕಾಲು ತಾಗಿದರೂ ಸಾರಿ, ಕಾಲು ತುಳಿಸಿಕೊಂಡರೂ ಸಾರಿ. ಪೊಲೀಸಿನವನು ಅದನ್ನು ಬರೆದುಕೊಂಡ. ಇನ್ಶೂರೆನ್ಸಿನವರು, ಪಾಲಿಸಿಯಲ್ಲಿ ಗಂಡನ ಹೆಸರು ಮಾತ್ರ ಇದೆ, ಇವಳಿಗೆ ನಾವು ವಕೀಲರನ್ನು ಕೊಡುವುದಿಲ್ಲ ಎಂದರು. ಎಲ್ಲ ತಣ್ಣಗಾಯಿತು ಎಂದು ಇವರು ಸುಮ್ಮನಿದ್ದರು. ಈಗ ಅವನು ಅವಳೊಬ್ಬಳ ಮೇಲೆ ದಾವೆ ಹಾಕಿದ್ದ, ಅದೂ ಹೂಸ್ಟನ್ನಿನಲ್ಲಿ.

"ಅವ್ವಾ, ನಿನಗ ಬುದ್ಧಿ ಅದನೋ ಇಲ್ಲೋ?" ಎಂದು ಶ್ರೀಹರಿ ತಾಯಿಯ ಮೇಲೆ ಎಗರಿದ.

"ಬೈಯೋದನ್ನ ಆಮೇಲೆ ಇಟ್ಕೊ, ದಿನಾ ಬೇಕಾದಷ್ಟು ಸಿಗುತ್ತೆ. ಶಾಂತಾಬಾಯೋರೆ, ಅವನು ಬಂದದ್ದು ಯಾವತ್ತು?" ಎಂದೆ.

"ತಾರೀಖು ಎಲ್ಲಿ ನೆನಪಿರ್ತದರಿ ನನಗ? ಸಂಕಷ್ಟಿ ಇತ್ತು. ಉಪವಾಸ ಇದ್ದೆ, ಚಂದ್ರನ್ನ ನೋಡಿ ಉಂಡೆ."

ಅಡುಗೆಮನೆಯ ಗೋಡೆಯಲ್ಲಿ ಊರಿನ ಕ್ಯಾಲೆಂಡರ್ ಇತ್ತು. ಸಂಕಷ್ಟಿ ಬಿದ್ದದ್ದು ಬುಧವಾರ. ಅಲ್ಲಿಂದ ಬೆರಳು ಮಡಿಸಿದೆ. ಇಲ್ಲಿಯ ಕಟ್ಟಳೆ, ಕಾಗದ ತಲುಪಿ ಇಪ್ಪತ್ತು ದಿನ ಕಳೆಯಬೇಕು, ಆಮೇಲೆ ಬರುವ ಸೋಮವಾರ ಬೆಳಗ್ಗೆ ಹತ್ತು ಗಂಟೆಯೊಳಗೆ ಜವಾಬು ಕೋರ್ಟಿನಲ್ಲಿರಬೇಕು. ಇಪ್ಪತ್ತು ದಿನ ಹಿಂದಿನ ಮಂಗಳವಾರವೇ ಮುಗಿದಿತ್ತು. ಆ ಸೋಮವಾರ ಎಂದರೆ ನಾಡಿದ್ದು.

"ತಪ್ಪಿದ್ರೆ ಏನಾಗುತ್ತೆ ಆಂಟಿ?" ವೈದೇಹಿ ಕೇಳಿದಳು.

"ಅವನು ಹೇಳಿದ್ದೇ ನಿಜ ಅಂತ ಬರೀತಾರೆ. ಜೀವಮಾನ ಪೂರ್ತಿ ತೆತ್ತರೂ ತೀರದಷ್ಟು ನಿನ್ನ ತಲೆ ಮೇಲೆ ಹಾಕ್ತಾರೆ. ತಪ್ಪದೆ ಇದ್ರೆ ಏನಾಗುತ್ತೆ ಅಂತ ಕೇಳು."

ನಾನು ಕೈ ಒರೆಸಿಕೊಂಡು ಮಿಸೆಸ್ ಗ್ರೀರ್ ಮನೆಗೆ ಫೋನು ಮಾಡಿದೆ.

ಭಾನುವಾರ ಮಧ್ಯಾಹ್ನ ಆಫೀಸು ತೆಗೆದರು. ವೈದೇಹಿಯನ್ನು ಕೂರಿಸಿಕೊಂಡು ಎರಡು ಗಂಟೆ ಪ್ರಶ್ನೆ ಕೇಳಿದರು. ಡಿಕ್ಕಿಯನ್ನು ಕಂಡವರು ಯಾರಾದರೂ ಇದ್ದಾರೆಯೇ? ಒಬ್ಬಳಿದ್ದಳು. ಆ ಮೂಲೆಯ ಬಟ್ಟೆ ಒಗೆಯುವ ಅಂಗಡಿಯಲ್ಲಿ ಬಟ್ಟೆ ಮಡಿಸುವ ಮಿಸೆಸ್ ಓಪಲ್ ಎಂಬ ಮುದುಕಿ. ಗಾಜಿನಿಂದ ಎಲ್ಲ ನೋಡಿದ್ದಳು. ವೈದೇಹಿಗೆ ನೀರು ಕುಡಿಸಿದವಳೂ ಅವಳೇ. ಈಗ ಅವಳಿಗೆ ಕಿಡ್ನಿ ಹೋಗಿ ವಾರಕ್ಕೆ ಮೂರು ದಿನ ಡಯಾಲಿಸಿಸ್.

"ಅದಕ್ಕೇ ಹೂಸ್ಟನ್" ಎಂದರು ಮಿಸೆಸ್ ಗ್ರೀರ್. "ನೂರೈವತ್ತು ಮೈಲಿಯ ಆಚೆ ಇರುವ ಸಾಕ್ಷಿಯನ್ನು ಬಾ ಎಂದು ಕೋರ್ಟು ಬಲವಂತ ಮಾಡುವಂತಿಲ್ಲ. ಹೂಸ್ಟನ್ ಇನ್ನೂರನಲವತ್ತು ಮೈಲಿ. ಆ ಮುದುಕಿಯ ಮುಖ ನೋಡದೆ, ಪೊಲೀಸು ಬರೆದ 'ಸಾರಿ, ಸಾರಿ' ಮಾತ್ರ ನೋಡುವ ಜೂರಿ ಅವರಿಗೆ ಬೇಕು."

ಹಾಗಾದರೆ ಹೂಸ್ಟನ್ನಿಗೆ ಅವರು ಕಟ್ಟಿದ ದಾರ ಯಾವುದು? ವೈದೇಹಿಯ ಲೈಸೆನ್ಸು. ಶ್ರೀಹರಿ ಮೊದಲು ಹೂಸ್ಟನ್ನಿನಲ್ಲಿ ಎಣ್ಣೆ ಕಂಪನಿಗಳಿರುವ ಎನರ್ಜಿ ಕಾರಿಡಾರ್ ಕಡೆ ಕೆಲಸದಲ್ಲಿದ್ದ. ಮದುವೆಯಾಗಿ ಬಂದ ವೈದೇಹಿ ಅಲ್ಲೇ ಮೂರು ತಿಂಗಳಿದ್ದು ಲೈಸೆನ್ಸು ತೆಗೆದುಕೊಂಡಳು. ಡಲ್ಲಾಸಿಗೆ ಶಿಫ್ಟ್ ಆದಾಗ ಶ್ರೀಹರಿ ವಿಳಾಸ ಬದಲಿಸಲಿಲ್ಲ. ಲೈಸೆನ್ಸು, ಕಾರಿನ ರಿಜಿಸ್ಟ್ರೇಷನ್ನು ಎಲ್ಲವೂ ಹೂಸ್ಟನ್ನಿನ ಗೆಳೆಯನ ಮನೆಯದೇ. ಕಂಪನಿ ಆರು ತಿಂಗಳಿಗೊಮ್ಮೆ ಊರು ಬದಲಿಸುತ್ತದೆ, ಗೆಳೆಯನ ವಿಳಾಸವೇ ಭದ್ರ ಎಂಬುದು ನಮ್ಮ ಹುಡುಗರ ಲೆಕ್ಕ. ಡಿಕ್ಕಿಯಾದ ದಿನ ವೈದೇಹಿ ಡಲ್ಲಾಸಿಗೆ ಬಂದು ವರ್ಷವಾಗಿತ್ತು. ಲೈಸೆನ್ಸಿನ ಪ್ರಕಾರ ಹೂಸ್ಟನ್ನಿನವಳು.

ಸಂಜೆಯೊಳಗೆ ಎರಡು ಕಟ್ಟು ಸಿದ್ಧವಾಯಿತು. ಕೆಂಪು, ಹಸಿರು. ಅಂಚೆಗೆ ಹಾಕಿದರೂ ನಡೆಯುತ್ತದೆ ಎಂದು ಶ್ರೀಹರಿ ಎಲ್ಲೋ ಓದಿಕೊಂಡು ಬಂದಿದ್ದ. "ನಡೆಯಬಹುದು" ಎಂದರು ಮಿಸೆಸ್ ಗ್ರೀರ್. "ಹತ್ತು ಹೊಡೆದ ಕೂಡಲೇ ಅವರ ವಕೀಲ ಜಡ್ಜಿಯ ಮುಂದೆ ನಿಂತು ತೀರ್ಪು ಬರೆಸಿಕೊಂಡರೆ, ನಿನ್ನ ಅಂಚೆಯ ಚೀಟಿ ಹಿಡಿದು ಅದನ್ನು ಅಳಿಸಲು ನಾನು ಆರು ತಿಂಗಳು ಓಡಾಡಬೇಕು. ಸಾಕಮ್ಮ ಹೋಗಲಿ."

ಸೋಮವಾರ ನಸುಕಿನಲ್ಲಿ ಕಾರು ತೆಗೆಯುವಾಗ ಶಾಂತಾಬಾಯಿ ಸ್ವೆಟರ್ ತೊಟ್ಟು, ಮೊಸರನ್ನದ ಡಬ್ಬಿ ಹಿಡಿದು ನಿಂತಿದ್ದರು. ಮಗನೇ ತಂದು ಬಿಟ್ಟಿದ್ದ.

"ನೀವ್ಯಾಕೆ?" ಎಂದೆ.

"ತಪ್ಪು ನಂದು. ಕೂತು ಬರ್ತೀನಿ."

"ತಪ್ಪು ಮಾಡ್ದೋರೆಲ್ಲ ಕೂತ್ರೆ ನನ್ನ ಕಾರು ಸಾಲಲ್ಲ. ಹತ್ತಿ."

ಒಂದು ಗಂಟೆಯ ದಾರಿ ಸಾಗಿದೆವು. ಆಮೇಲೆ ಅವರು, "ಸಾಕಮ್ಮನವರ, ಇವತ್ತ ಸೋಮವಾರ. ಏಳೂವರಿಯಿಂದ ಒಂಬತ್ತರ ತನಕಾ ರಾಹುಕಾಲ" ಎಂದರು.

"ಹತ್ತು ಗಂಟೆಗೆ ಕೋರ್ಟಿನ ಕಾಲ. ಅದು ರಾಹುಗಿಂತ ಕೆಟ್ಟದ್ದು."

"ಒಂಬತ್ತಾದ ಮ್ಯಾಲೆ ಕೊಡ್ರಿ. ಅಷ್ಟ ಕೇಳ್ತೀನಿ."

"ದೇವರ ಕೆಳಗೆ ಇಪ್ಪತ್ನಾಲ್ಕು ದಿನ ಇಟ್ಟಿದ್ರಲ್ಲ, ಆಗ ಎಷ್ಟು ರಾಹುಕಾಲ ಹೋಯ್ತು ಲೆಕ್ಕ ಹಾಕಿದ್ರಾ?"

ಅವರು ಕಿಟಕಿಯ ಕಡೆ ತಿರುಗಿದರು. "ಆಕಿ ಮನಿ ಮನಿ ಅಂತ ಎಷ್ಟು ಆಸೆ ಪಟ್ಟಿದ್ಲು. ಕಾಗದ ನೋಡಿದ್ರ ಅವತ್ತಿನ ಹೋಳಿಗಿ ಗಂಟಲದಾಗ ಇಳೀತಿತ್ತೇನು?" ಎಂದರು.

ಹೂಸ್ಟನ್ನಿನ ಹೊರಗೆ ಟ್ರಾಫಿಕ್ ನಿಂತಿತು. ಅವರ ರಾಹುಕಾಲ ರಸ್ತೆಯಲ್ಲೇ ಕಳೆಯಿತು. ಕಾರು ನಿಲ್ಲಿಸಿ ಕೋರ್ಟಿನ ಕಟ್ಟಡ ಹೊಕ್ಕಾಗ ಒಂಬತ್ತೂವರೆ. ಕಿಟಕಿಯ ಮುಂದೆ ಆರು ಜನ. ನನ್ನ ಮುಂದಿನವನ ಕೈಯಲ್ಲಿ ಮೊಳದೆತ್ತರದ ಕಟ್ಟು.

"ಸ್ವಾಮಿ, ನನ್ನದು ಎರಡೇ ಕಾಗದ. ಹತ್ತು ಗಂಟೆಗೆ ಕಡೆ" ಎಂದೆ, ನನ್ನ ಇಂಗ್ಲಿಷಿನಲ್ಲಿ.

"ನನ್ನದೂ ಅರ್ಜೆಂಟೇ" ಎಂದ.

ಹಿಂದಿನಿಂದ ಶಾಂತಾಬಾಯಿ ಬಂದು ಅವನಿಗೆ ಕೈ ಮುಗಿದುಬಿಟ್ಟರು. ಅವನು ಅವರ ಸೀರೆ, ಸ್ವೆಟರು, ಡಬ್ಬಿ ನೋಡಿ ಪಕ್ಕಕ್ಕೆ ಸರಿದ. ನಾನು ಅಂಥದಕ್ಕೆಲ್ಲ ಕೈ ಹಾಕುವವಳಲ್ಲ, ಆದರೆ ಸಿಕ್ಕ ಜಾಗ ಬಿಡಲಿಲ್ಲ.

ಕಿಟಕಿಯ ಗುಮಾಸ್ತೆ ಎರಡೂ ಕಟ್ಟು ಎಳೆದುಕೊಂಡು ಹಸಿರಿನದಕ್ಕೆ ಸೀಲು ಎತ್ತಿದಳು. ನಾನು ಅದರ ಮೇಲೆ ಅಂಗೈ ಇಟ್ಟೆ.

"ಕೆಂಪು ಮೊದಲು."

"ಎರಡೂ ಒಟ್ಟಿಗೇ ತಾನೇ ಬರುತ್ತಿರುವುದು? ಯಾವುದಾದರೇನು?"

"ನಿಮಗೆ ಏನೂ ಇಲ್ಲ. ನನಗೆ ಇದೆ. ಕೆಂಪು ಮೊದಲು."

ಅವಳು ನನ್ನ ಕೈ ನೋಡಿದಳು, ಗಡಿಯಾರ ನೋಡಿದಳು, ಕೆಂಪಿನದಕ್ಕೆ ಸೀಲು ಒತ್ತಿದಳು. ಒಂಬತ್ತು ಐವತ್ತೆರಡು. ಹಸಿರಿಗೆ ಒಂಬತ್ತು ಐವತ್ತಮೂರು.

ಪ್ರತಿ ತೆಗೆದುಕೊಂಡು ಮೇಲಿನ ಮಹಡಿಯ ಕೋರ್ಟಿಗೆ ಹೋದೆ. ಮಿಸೆಸ್ ಗ್ರೀರ್ ಹೇಳಿದ್ದು ನಿಜವಾಗಿತ್ತು. ಎದುರು ಕಡೆಯ ಜೂನಿಯರ್ ವಕೀಲನೊಬ್ಬ ತೀರ್ಪಿನ ಕಾಗದ ಟೈಪು ಮಾಡಿಸಿಕೊಂಡು, ಜಡ್ಜಿಯ ಸಹಿಯ ಜಾಗ ಖಾಲಿ ಬಿಟ್ಟು, ಗಡಿಯಾರ ನೋಡುತ್ತಾ ಬೆಂಚಿನಲ್ಲಿ ಕೂತಿದ್ದ. ಅವನ ಕೈಗೂ ಒಂದು ಪ್ರತಿ ಕೊಟ್ಟೆ.

"ಡಲ್ಲಾಸಿನಿಂದ ಇದೊಂದಕ್ಕೇ ಬಂದಿರಾ?" ಎಂದ.

"ನೀವೂ ಇದೊಂದಕ್ಕೇ ಕೂತಿದ್ದೀರಲ್ಲ" ಎಂದೆ.

ಅವನು ತನ್ನ ಕಾಗದವನ್ನು ಚೀಲಕ್ಕೆ ಹಾಕಿಕೊಂಡ. ಹೊರಗೆ ಮೆಟ್ಟಿಲ ಮೇಲೆ ಕೂತು ಮೊಸರನ್ನ ತಿಂದೆವು. ಉಪ್ಪು ಕಡಿಮೆಯಾಗಿತ್ತು, ಹೇಳಿದೆ.

ಇಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಅರ್ಜಿ ಹಾಕುವುದು ಬೇರೆ, ಗೆಲ್ಲುವುದು ಬೇರೆ. ಅರ್ಜಿಯ ವಿಚಾರಣೆಗೆ ಎರಡು ತಿಂಗಳಿತ್ತು. ಡಿಕ್ಕಿಯ ಹೊತ್ತಿಗೆ ವೈದೇಹಿ ಡಲ್ಲಾಸಿನಲ್ಲೇ ವಾಸವಿದ್ದಳು ಎನ್ನಲು ಕಾಗದ ಬೇಕು ಎಂದರು ಮಿಸೆಸ್ ಗ್ರೀರ್. "ಅವಳ ಹೆಸರು, ಡಲ್ಲಾಸಿನ ವಿಳಾಸ, ಆ ಕಾಲದ ತಾರೀಖು. ಮೂರೂ ಒಂದೇ ಕಾಗದದಲ್ಲಿರಬೇಕು."

ಸುಲಭ ಎಂದುಕೊಂಡೆವು. ಅಪಾರ್ಟ್‌ಮೆಂಟಿನ ಕರಾರು ಶ್ರೀಹರಿ ಹೆಸರಲ್ಲಿ. ಕರೆಂಟು, ಫೋನು, ಬ್ಯಾಂಕು ಎಲ್ಲ ಶ್ರೀಹರಿ ಹೆಸರಲ್ಲಿ. ವೈದೇಹಿಗೆ ಕೆಲಸ ಮಾಡುವ ವೀಸಾ ಇರಲಿಲ್ಲ, ಆದ್ದರಿಂದ ಸಂಬಳದ ಚೀಟಿ ಇಲ್ಲ. ಕಾಯಿಲೆ ಬಿದ್ದಿರಲಿಲ್ಲ, ಆದ್ದರಿಂದ ಡಾಕ್ಟರ ಚೀಟಿಯೂ ಇಲ್ಲ. ಎರಡೂವರೆ ವರ್ಷ ಒಂದು ಊರಿನಲ್ಲಿ ಬೇಯಿಸಿ, ತೊಳೆದು, ಬದುಕಿದ ಹೆಂಗಸಿನ ಹೆಸರು ಆ ಊರಿನ ಒಂದು ಕಾಗದದಲ್ಲೂ ಇರಲಿಲ್ಲ. ಇದ್ದ ಒಂದೇ ಕಾರ್ಡು ಹೂಸ್ಟನ್ನಿನದು.

"ನಾನು ಅಫಿಡವಿಟ್ ಕೊಡ್ತೀನಲ್ಲ ಆಂಟಿ, ನನ್ನ ಹೆಂಡತಿ ನನ್ನ ಜೊತೆಗೇ ಇದ್ಲು ಅಂತ" ಎಂದ ಶ್ರೀಹರಿ.

"ಕೊಡು. ಗಂಡ ಹೆಂಡತಿ ಕಡೆ ಹೇಳ್ತಾನೆ ಅಂತ ಅವರು ಮೊದಲ ಮಾತಿಗೇ ಹರೀತಾರೆ."

ಮನೆಯ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿದೆ. ಎರಡು ದಿನ ಹುಡುಕಿದೆವು. ಬಿಲ್ಲು, ವಾರಂಟಿ, ಪಿಜ್ಜಾದ ಕೂಪನ್ನು, ಎಲ್ಲದರಲ್ಲೂ ಶ್ರೀಹರಿ. ವೈದೇಹಿ ಒಂದು ಮೂಲೆಯಲ್ಲಿ ಕೂತು, "ನಾ ಇಲ್ಲೇ ಇರ್ಲಿಲ್ಲ ಬಿಡ್ರಿ ಆಂಟಿ" ಎಂದಳು.

"ಎದ್ದು ಹುಡುಕು" ಎಂದೆ. "ಇದ್ದವಳು ಏನಾದ್ರೂ ಬಿಟ್ಟಿರ್ತಾಳೆ."

ಶಾಂತಾಬಾಯಿ ಬಾಗಿಲಲ್ಲಿ ನಿಂತಿದ್ದರು. ಇದ್ದಕ್ಕಿದ್ದಂತೆ ಸೊಸೆಯನ್ನು ಕೇಳಿದರು: "ಅಲ್ಲಾ, ತಿಂಗಳಾ ತಿಂಗಳಾ ನಾ ಕಳಸ್ತಿದ್ದೆನಲ್ಲ ಮಂತ್ರಾಕ್ಷತಿ, ಕುಂಕುಮಾ, ಆ ಕವರ್ ಏನ್ ಮಾಡಿದಿ? ಕಸದಾಗ ಹಾಕಿದೇನು?"

ತನಿಖೆ ಮಾಡುವ ದನಿ. ಇಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡ ಅನುಮಾನ ಅದು.

ವೈದೇಹಿ ತಲೆ ಎತ್ತಿದಳು. "ಇಲ್ಲ ಅತ್ಯಾ. ದೇವರ ಕುಂಕುಮ ತಾಕಿದ್ದು, ಹೆಂಗ ಕಸಕ್ಕ ಹಾಕ್ಲಿ? ಹರಿಯೋ ನೀರಿಗೆ ಬಿಡ್ಬೇಕಂತ ಇಟ್ಟೀನಿ. ಇಲ್ಲೆ ಹೊಳಿಗೆ ಬಿಟ್ರ ಪೊಲೀಸ್ರು ದಂಡ ಹಾಕ್ತಾರಂತ."

"ಎಲ್ಲಿ?" ಎಂದು ನಾನು ಎದ್ದು ನಿಂತೆ.

ಮದುವೆಯ ಸೀರೆಯ ರಟ್ಟಿನ ಡಬ್ಬಿಯಲ್ಲಿ ಇಪ್ಪತ್ತೊಂದು ಕವರುಗಳು ಇದ್ದವು. ಒಂದೊಂದರ ಮೇಲೂ ಶಾಂತಾಬಾಯಿ ಊರಿನ ಮಾಸ್ತರರಿಂದ ಇಂಗ್ಲಿಷಿನಲ್ಲಿ ಬರೆಸಿದ ವಿಳಾಸ. ಮಗನ ಹೆಸರಿಗಲ್ಲ, ಸೊಸೆಯ ಹೆಸರಿಗೆ. ಕುಂಕುಮ ಗಂಡಸಿನ ಹೆಸರಿಗೆ ಕಳಿಸುವುದುಂಟೇ? ಕೆಳಗೆ ಡಲ್ಲಾಸಿನ ಬೀದಿ, ಮನೆಯ ನಂಬರು. ಅಂಚೆಚೀಟಿಯ ಮೇಲೆ ಧಾರವಾಡದ ಅಂಚೆಯ ಕರಿ ಮುದ್ರೆ, ತಾರೀಖು ಸಮೇತ. ಡಿಕ್ಕಿಗೆ ಮುಂಚಿನವು ಒಂಬತ್ತು. ಅದೇ ತಿಂಗಳಿನದು ಒಂದು. ಇಂಗ್ಲಿಷಿನಲ್ಲಿ ನನಗೆ ಸಲೀಸಾಗಿ ಓದಲು ಬರುವುದು ಅಂಕಿ ಮಾತ್ರ. ಅಷ್ಟೇ ಬೇಕಾಗಿದ್ದದ್ದು.

ಶಾಂತಾಬಾಯಿ ಕವರುಗಳನ್ನು ಒಂದೊಂದಾಗಿ ಎಣಿಸಿ, "ಎಲ್ಲಾ ಅವ" ಎಂದರು. ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದು ಮೊದಲ ಲೋಟ ಸೊಸೆಗೆ ಕೊಟ್ಟರು.

ವಿಚಾರಣೆಯ ದಿನ ಹೂಸ್ಟನ್ ಕೋರ್ಟಿನಲ್ಲಿ ಎದುರು ವಕೀಲ ಲೈಸೆನ್ಸಿನ ನಕಲು ಹಿಡಿದು ಅರ್ಧ ಗಂಟೆ ಮಾತಾಡಿದ. ಸರ್ಕಾರದ ಕಾರ್ಡಿನಲ್ಲಿ ಅವಳೇ ಕೊಟ್ಟ ವಿಳಾಸ, ಇನ್ನೇನು ಬೇಕು ಎಂದ. ಕವರುಗಳನ್ನು, "ಮನೆಯವರು ಬರೆದುಕೊಂಡದ್ದು" ಎಂದ. ಮಿಸೆಸ್ ಗ್ರೀರ್, "ವಿಳಾಸ ಮನೆಯವರದು. ಮುದ್ರೆ ಭಾರತ ಸರ್ಕಾರದ್ದು" ಎಂದು ಡಬ್ಬಿಯನ್ನೇ ಜಡ್ಜಿಯ ಮುಂದಿಟ್ಟರು. ಮಿಸೆಸ್ ಓಪಲ್‌ಳ ಡಯಾಲಿಸಿಸ್‌ನ ಚೀಟಿಯನ್ನೂ ಅದರ ಪಕ್ಕಕ್ಕಿಟ್ಟರು.

ಜಡ್ಜಿ ಒಂದೊಂದೇ ಕವರು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬೆರಳೆಲ್ಲ ಕೆಂಪಾಯಿತು.

"ಇದೇನು?" ಎಂದರು.

"ಅತ್ತೆ ಕಳಿಸಿದ ದೇವರ ಪ್ರಸಾದ" ಎಂದರು ಮಿಸೆಸ್ ಗ್ರೀರ್.

"ಯಾರೂ ವಾಸವಿಲ್ಲದ ಮನೆಗೆ ಇಷ್ಟೊಂದು ಪ್ರಸಾದ ಯಾರೂ ಕಳಿಸುವುದಿಲ್ಲ" ಎಂದು ಜಡ್ಜಿ ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡರು. ಕೇಸು ಡಲ್ಲಾಸಿಗೆ ಹೋಗಲಿ ಎಂದು ಬರೆದರು.

ನೀವು ನೆನಪಿಡಬೇಕಾದದ್ದು ಇದು. ವರ್ಗಾವಣೆ ಗೆದ್ದರೆ ಕೇಸು ಗೆದ್ದಂತಲ್ಲ. ಕಕ್ಷಿದಾರರು ಕುಣಿಯುತ್ತಾರೆ, ನೀವು ಕುಣಿಯಬೇಡಿ. ಆ ಕೋರ್ಟಿನ ಫೈಲು ಈ ಕೋರ್ಟಿಗೆ ತಾನಾಗಿ ನಡೆದುಕೊಂಡು ಬರುವುದಿಲ್ಲ. ಹೂಸ್ಟನ್ನಿನ ಗುಮಾಸ್ತರಿಗೆ ಐದು ಸಲ ಫೋನು ಮಾಡಿಸಿ, ಆರನೇ ಸಲ ನಾನೇ ಹೋಗಿ ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಆಗ ಬಂತು.

ಡಲ್ಲಾಸಿನಲ್ಲಿ ಜೂರಿ ಕೂತದ್ದು ಮುಂದಿನ ವರ್ಷ. ಶಾಂತಾಬಾಯಿ ಅಷ್ಟರಲ್ಲಿ ಊರಿಗೆ ಹೋಗಿದ್ದರು. ಮಿಸೆಸ್ ಓಪಲ್‌ಳನ್ನು ಡಯಾಲಿಸಿಸ್ ಇಲ್ಲದ ದಿನ ನಾನೇ ಕರೆತಂದೆ. ತುಂಬ ಇಳಿದುಹೋಗಿದ್ದಳು. ಸಾಕ್ಷಿಯ ಕುರ್ಚಿ ಹತ್ತಲು ಇಬ್ಬರು ಹಿಡಿಯಬೇಕಾಯಿತು. ಎದುರು ವಕೀಲ ಎದ್ದು, "ಆ ಹೆಂಗಸು ಸಾರಿ ಎಂದು ತಪ್ಪು ಒಪ್ಪಿಕೊಂಡಳಲ್ಲವೇ?" ಎಂದ.

"ಸಾರಿ ಎಂದಳು" ಎಂದಳು ಮಿಸೆಸ್ ಓಪಲ್. "ಅವನಿಗೆ ಹೇಳಿದಳು. ನೀರು ತಂದುಕೊಟ್ಟದ್ದಕ್ಕೆ ನನಗೂ ಹೇಳಿದಳು. ನನ್ನ ಲೋಟ ಕೆಳಗೆ ಬಿದ್ದಾಗ ಲೋಟಕ್ಕೂ ಹೇಳಿದಳು. ಗಾಡಿ ನಿಲ್ಲಿಸದೆ ಬಂದವನು ಮಾತ್ರ ಯಾರಿಗೂ ಹೇಳಲಿಲ್ಲ."

ಜೂರಿಯಲ್ಲಿ ಇಬ್ಬರು ನಕ್ಕರು. ನಾನು ವೈದೇಹಿಯ ಮುಖ ನೋಡಿದೆ. ಅವಳು ನಗಲಿಲ್ಲ, ಮುದುಕಿಯನ್ನೇ ನೋಡುತ್ತಿದ್ದಳು. ಇನ್ನೂರನಲವತ್ತು ಮೈಲಿ ಆಚೆಯ ಜೂರಿಗೆ ಈ ಮಾತು ಕಾಗದದಲ್ಲಿ ಹೋಗಿದ್ದರೆ ಯಾರೂ ನಗುತ್ತಿರಲಿಲ್ಲ.

ತಪ್ಪು ಅರ್ಧಕ್ಕಿಂತ ಹೆಚ್ಚು ಅವನದೇ ಎಂದು ಜೂರಿ ಹೇಳಿತು. ಹಾಗೆ ಹೇಳಿದರೆ ಇಲ್ಲಿ ದಾವೆ ಹಾಕಿದವನಿಗೆ ಏನೂ ಸಿಗುವುದಿಲ್ಲ. ಅವನ ಭುಜ ಮುರಿದದ್ದು ಸುಳ್ಳಲ್ಲ, ಹೋಗುವಾಗ ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಹೋದ. ಅದನ್ನೂ ಬರೆಯಬೇಕು, ಅದಕ್ಕೇ ಬರೆದೆ.

ಹೊರಗೆ ಬಂದೆವು. ಶ್ರೀಹರಿ ಫೋನಿನಲ್ಲಿ ಗೆಳೆಯರಿಗೆಲ್ಲ ಸುದ್ದಿ ಹೇಳುತ್ತಿದ್ದ. ವೈದೇಹಿ ಚೀಲದಿಂದ ಲೈಸೆನ್ಸು ತೆಗೆದು ತಿರುಗಿಸಿ ನೋಡಿದಳು. ವಿಳಾಸ ಇನ್ನೂ ಹೂಸ್ಟನ್ನಿನದೇ.

"ಆಂಟಿ, ಲೈಸೆನ್ಸ್ ಆಫೀಸ್ ಎಷ್ಟಕ್ಕ ಮುಚ್ತದರಿ?"

"ಐದಕ್ಕೆ. ಈಗ ಮೂರೂವರೆ."

ಶ್ರೀಹರಿ ಫೋನಿಗೆ ಕೈ ಅಡ್ಡ ಹಿಡಿದು, "ಇವತ್ತ ಯಾಕ? ದಣಿದೀವಿ. ನನಗ ರಜಾ ಸಿಕ್ಕಾಗ ಕರ್ಕೊಂಡು ಹೋಗ್ತೀನಿ" ಎಂದ.

"ನೀವು ಮಾತಾಡ್ರಿ" ಎಂದಳು. "ಕರೆಂಟ್ ಬಿಲ್ ಮತ್ತ ಮನಿ ಕಾಗದ ಎಲ್ಲಿಟ್ಟೀರಿ ಅಷ್ಟ ಹೇಳ್ರಿ. ಅವಕ್ಕೂ ನನ್ನ ಹೆಸರು ಸೇರಿಸ್ತೀನಿ." ಅವನ ಕೈಯಿಂದ ಕಾರಿನ ಕೀ ತೆಗೆದುಕೊಂಡು ನನ್ನ ಕಡೆ ತಿರುಗಿದಳು. "ಆಂಟಿ, ದಾರಿ ತೋರಸ್ರಿ. ಓಡಿಸೋದು ನಾನು."